ದೋಟಿಗೆ ಎಟುಕದ ಹತ್ತಿರದ ಕಾಯಿ

2001ರ ಮೇ ತಿಂಗಳ ಕೊನೆಯ ಭಾನುವಾರ ಮಧ್ಯಾಹ್ನ ಬಂಟ್ವಾಳ ಪೇಟೆಯ ಒಂದು ಮನೆಯಲ್ಲಿ ವಿಡಿಯೋ ಗೇಮಿನ ಪೆಟ್ಟಿಗೆಯೊಂದು ಸುಟ್ಟುಹೋಯಿತು. ಯಾರಿಗೂ ಗಾಯವಾಗಲಿಲ್ಲ. ಬೇರೆ ಸೊತ್ತಿಗೆ ಹಾನಿಯಾಗಲಿಲ್ಲ. ಆ ಮನೆಯ ಕಿರಿಯ ಮಗ ಪ್ಲಗ್ಗು ತಪ್ಪಾಗಿ ಹಾಕಿದ್ದೇ ಕಾರಣ ಎಂದಾಯಿತು. ಅದು ಸರಿಯಲ್ಲ. ಸುಟ್ಟದ್ದು ನಾನು.

ಇಷ್ಟು ಬರೆಯಲು ಎಂಟು ವರ್ಷ ಹಿಡಿಯಿತು. ನಾನು ಪತ್ರಿಕೆಯೊಂದಕ್ಕೆ ಬೆಳ್ತಂಗಡಿಯಿಂದ ಸುದ್ದಿ ಕಳುಹಿಸುವವನು. ತಪ್ಪಾದರೆ ಮರುದಿನವೇ ತಿದ್ದುಪಡಿ ಹಾಕುವುದು ನಮ್ಮಲ್ಲಿ ಕಡ್ಡಾಯ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ನಿಧನ ವಾರ್ತೆಯಲ್ಲಿ ತೀರಿಕೊಂಡ ತಂದೆಯ ಹೆಸರಿನ ಜಾಗದಲ್ಲಿ ಮಗನ ಹೆಸರು ಬರೆದು ಕಳುಹಿಸಿದ್ದೆ. ಬೆಳಿಗ್ಗೆ ಆ ಮಗನೇ ಪತ್ರಿಕೆ ಮಡಚಿ ಹಿಡಿದುಕೊಂಡು ನನ್ನ ರೂಮಿನ ಬಾಗಿಲಿಗೆ ಬಂದರು. “ನಾನು ಉಂಟು” ಎಂದರು. ಮರುದಿನ ಎರಡು ಸಾಲಿನ ತಿದ್ದುಪಡಿ ಬಂತು. ತಿದ್ದುಪಡಿಗೂ ಒಂದು ಶಿಸ್ತು ಉಂಟು: ಏನು ತಪ್ಪಾಗಿತ್ತು, ಯಾವುದು ಸರಿ, ಕೊನೆಗೆ ವಿಷಾದ. ಯಾಕೆ ತಪ್ಪಾಯಿತು ಎಂಬ ಕಥೆ ಬೇಡ ಎಂದು ನಮ್ಮ ಸುದ್ದಿ ಸಂಪಾದಕರು ಹೇಳುತ್ತಾರೆ. ಅವರ ಲೆಕ್ಕದಲ್ಲಿ ಈ ಬರಹ ಮೊದಲ ಪ್ಯಾರಾದಲ್ಲೇ ಮುಗಿಯಬೇಕಿತ್ತು. ಆದರೆ ಕಥೆ ಹೇಳದೆ ಇದನ್ನು ತಿದ್ದುವುದು ನನಗೆ ತಿಳಿಯಲಿಲ್ಲ.

ನೆನಪಾದದ್ದು ಒಂದು ದೋಟಿಯಿಂದ. ಈ ಏಪ್ರಿಲಿನಲ್ಲಿ ನಾನು ಬಾಡಿಗೆಗಿರುವ ಮನೆಯ ಯಜಮಾನ್ತಿ ಬಾಯಮ್ಮ ಹಿತ್ತಿಲಿನ ಮರದಿಂದ ಸಣ್ಣ ಹಲಸಿನ ಹಾಗಿರುವ ಜೀಗುಜ್ಜೆ ಕಾಯಿ ಕೊಯ್ದು ಕೊಡಲು ಹೇಳಿದರು. ಉದ್ದದ ಬಿದಿರಿನ ಕೋಲು, ತುದಿಗೆ ಕತ್ತಿ ಕಟ್ಟಿದ ದೋಟಿ. ಮೇಲಿನ ಗೆಲ್ಲಿನ ನಾಲ್ಕು ಕಾಯಿ ಸಲೀಸಾಗಿ ಇಳಿದವು. ಐದನೆಯದು ನನ್ನ ತಲೆಯಿಂದ ಎರಡು ಮೊಳ ಮೇಲೆ ಇತ್ತು. ಏನು ಮಾಡಿದರೂ ಅದಕ್ಕೆ ದೋಟಿ ತಾಗಲಿಲ್ಲ. ಕೋಲಿನ ಬುಡ ನೆಲಕ್ಕೆ ಮುಟ್ಟುತ್ತದೆ, ತುದಿ ಕಾಯಿಯನ್ನು ದಾಟಿ ಎಲ್ಲಿಗೋ ಹೋಗುತ್ತದೆ. ಹಿಂದೆ ಹಿಂದೆ ಸರಿದು ಬಾವಿಕಟ್ಟೆಗೆ ಬೆನ್ನು ತಾಗಿತು. ಬಾಯಮ್ಮ ಮೆಟ್ಟಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿ, “ದೋಟಿ ಬಿಡಿ ಮಾರಾಯ್ರೆ, ಸ್ಟೂಲು ಇಟ್ಟು ಕೈಯಲ್ಲಿ ಕೊಯ್ಯಿರಿ” ಎಂದರು. ಕೊಯ್ದೆ. ಅಂಗೈಗೆಲ್ಲ ಮೇಣ ಅಂಟಿತು. ತೆಂಗಿನೆಣ್ಣೆ ಹಚ್ಚಿ ಉಜ್ಜುತ್ತಾ ಕೂತಿದ್ದಾಗ ಇಲ್ಯಾಸ್ ನೆನಪಾದ. ನಾವಿಬ್ಬರೂ ‘ದೋಟಿ’ ಎಂದು ಕರೆಯುತ್ತಿದ್ದ ಆ ಇನ್ನೊಬ್ಬನೂ ನೆನಪಾದ.

ಇಲ್ಯಾಸನ ಮನೆ ನಮ್ಮ ಮನೆಯಿಂದ ಮೂರನೆಯದು, ಹೊಳೆಯ ಬದಿಗೆ. ನನ್ನ ಅಪ್ಪನಿಗೆ ಪೇಟೆಯಲ್ಲಿ ಹೊಲಿಗೆ ಅಂಗಡಿ. ಅವನ ತಂದೆ ಇರಲಿಲ್ಲ. ಅಣ್ಣ ಹಸನಾಕ ಸೌದಿಯಲ್ಲಿ ದುಡಿದು ಮನೆ ನಡೆಸುತ್ತಿದ್ದರು. ಮನೆಯಲ್ಲಿ ಇಲ್ಯಾಸ್ ಮತ್ತು ಅವನ ತಾಯಿ ಇಬ್ಬರೇ. ಅವನು ಉಮ್ಮ ಎನ್ನುತ್ತಿದ್ದ, ಹಾಗಾಗಿ ನಾನೂ ಉಮ್ಮ ಎನ್ನುತ್ತಿದ್ದೆ. ಅವರು ನನ್ನನ್ನು ಮೋನೇ ಎಂದು ಮಗನನ್ನು ಕರೆದ ಹಾಗೆ ಕರೆಯುತ್ತಿದ್ದರು. ಅವರು ಮನೆಯೊಳಗೆ ಆಡುವುದು ಬ್ಯಾರಿ, ನನ್ನೊಡನೆ ತುಳು. ಇಲ್ಲಿ ಬರೆದಿರುವ ಮಾತುಗಳನ್ನೆಲ್ಲ ನಾನೇ ಕನ್ನಡ ಮಾಡಿದ್ದೇನೆ.

ಮಳೆಗಾಲದಲ್ಲಿ ನೇತ್ರಾವತಿ ಒಮ್ಮೊಮ್ಮೆ ಪೇಟೆಯೊಳಗೆ ಬಂದು ಹೋಗುವುದರಿಂದ ನಮ್ಮ ಬೀದಿಯ ಮನೆಗಳಲ್ಲಿ ಸ್ವಿಚ್ಚು, ಪ್ಲಗ್ಗು ಎಲ್ಲವೂ ಎತ್ತರದಲ್ಲಿ. ಇಲ್ಯಾಸನ ಮನೆಯಲ್ಲಿ ಟಿವಿಯನ್ನೂ ಗೋಡೆಯ ಮೇಲೆ ಹಲಗೆ ಹೊಡೆದು ಇಟ್ಟಿದ್ದರು. ಒಂದು ಗಂಟೆ ಆಡಿದರೆ ಕುತ್ತಿಗೆ ಹಿಡಿಯುತ್ತಿತ್ತು. ಅಮ್ಮನಿಗೆ ಓದಿ ಓದಿ ಹೀಗಾಗಿದೆ ಎಂದು ಹೇಳಿ ಮುಲಾಮು ಹಚ್ಚಿಸಿಕೊಳ್ಳುತ್ತಿದ್ದೆ.

ಗೇಮಿನ ಪೆಟ್ಟಿಗೆ ಬಂದದ್ದು ಹಸನಾಕ ರಜೆಯಲ್ಲಿ ಬಂದಾಗ, ಒಂದು ಮಿಕ್ಸಿಯ ಜೊತೆಗೆ. ಎರಡೂ ಸೌದಿಯ ಕರೆಂಟಿಗೆ ಮಾಡಿದ್ದು. ನಮ್ಮ ಊರಿನ ಕರೆಂಟು ಅದರ ಎರಡು ಪಾಲು. ನೇರವಾಗಿ ಗೋಡೆಗೆ ಹಾಕಿದರೆ ಸುಟ್ಟುಹೋಗುತ್ತದೆ ಎಂದು ಹಸನಾಕ ನೂರು ಸಲ ಹೇಳಿ, ಕರೆಂಟು ಇಳಿಸುವ ಒಂದು ಕರಿ ಪೆಟ್ಟಿಗೆಯನ್ನೂ ಕೊಟ್ಟು ಹೋಗಿದ್ದರು. ಕಬ್ಬಿಣದ ತೂಕ, ಹಾಕಿದೊಡನೆ ಜೇನುಹುಳದ ಹಾಗೆ ಗುಂಯ್ ಎನ್ನುತ್ತಿತ್ತು. ಸಮಸ್ಯೆ ಏನೆಂದರೆ ಕರಿ ಪೆಟ್ಟಿಗೆ ಒಂದೇ, ಯಂತ್ರ ಎರಡು. ನಾವು ಆಡುತ್ತಿರುವಾಗ ಅಡುಗೆಮನೆಯಿಂದ ಉಮ್ಮ “ಮಸಾಲೆಗೆ” ಎಂದು ಒಂದು ಮಾತು ಹೇಳಿದರೆ ಆಟ ನಿಲ್ಲಿಸಬೇಕು. ಇಲ್ಯಾಸ್ ಪೆಟ್ಟಿಗೆಯನ್ನು ಹೊತ್ತುಕೊಂಡು ಹೋಗಿ ಕೊಡಬೇಕು. ಎಷ್ಟೋ ಸಲ ಗೆಲ್ಲುವ ಆಟ ಕೊತ್ತಂಬರಿಯಲ್ಲಿ ಅರೆದುಹೋಗಿದೆ.

ಆಟದ ಹೆಸರು ನಮಗೆ ಗೊತ್ತಿರಲಿಲ್ಲ. ಅಕ್ಷರ ಯಾವ ದೇಶದ್ದೋ. ಆಕಾಶದಲ್ಲಿ ಮೂರು ಹಲಗೆ ತೇಲುತ್ತವೆ, ಅದರ ಮೇಲೆ ಇಬ್ಬರು ಹೊಡೆದಾಡುತ್ತಾರೆ. ಹೊಡೆದು ಕೊಲ್ಲುವುದಿಲ್ಲ, ಹಲಗೆಯಿಂದ ಹೊರಗೆ ಬೀಳಿಸುವುದು. ಹೆಚ್ಚು ಪೆಟ್ಟು ತಿಂದವನು ಹೆಚ್ಚು ದೂರ ಹಾರುತ್ತಾನೆ. ಹಾರಿದವನು ಗಾಳಿಯಲ್ಲೇ ಜಿಗಿದು ಹಲಗೆಗೆ ವಾಪಸು ಬರಲು ನೋಡಬಹುದು, ಬಾರದಿದ್ದರೆ ಸೋತ. ಹತ್ತು ಹನ್ನೆರಡು ಜನ ಹೋರಾಟಗಾರರಿದ್ದರು. ನಮಗೆ ಬೇಕಾದದ್ದು ಇಬ್ಬರು. ಒಬ್ಬ ಎತ್ತರದವನು, ಕೈಯಲ್ಲಿ ತನ್ನ ಎರಡರಷ್ಟು ಉದ್ದದ ಕೊಕ್ಕೆಯ ಕೋಲು. ಅವನು ದೋಟಿ. ಇನ್ನೊಬ್ಬ ಎಳನೀರಿನ ಹಾಗೆ ಗುಂಡಗೆ, ಕುಳ್ಳಗೆ, ಕೈ ಎಂದರೆ ಒಂದು ಗೇಣು. ನಮ್ಮಲ್ಲಿ ಎಳನೀರಿಗೆ ಬೊಂಡ ಎನ್ನುವುದರಿಂದ ಅವನು ಬೊಂಡ.

ದೋಟಿಯನ್ನು ಯಾವಾಗಲೂ ನಾನೇ ಆಡುತ್ತಿದ್ದೆ. ಅದಕ್ಕೆ ಕಾರಣ ಉಮ್ಮನ ಒಂದು ಪದ್ಧತಿ. ಆ ಮನೆಯಲ್ಲಿ ಯಾವುದೇ ಇರಲಿ, ಮನೆಗೆ ಬಂದವರು ಮೊದಲು ತೆಗೆದುಕೊಳ್ಳಬೇಕು. ಫ್ಯಾನಿನ ಕೆಳಗಿನ ಕುರ್ಚಿ ನನಗೆ, ಪತ್ತಿರಿ ರೊಟ್ಟಿಯ ತಟ್ಟೆ ಮೊದಲು ನನಗೆ, ಮೀನಿನ ನಡು ತುಂಡು ನನಗೆ. ಗೇಮು ಬಂದ ಮೊದಲ ದಿನ ಇಬ್ಬರೂ ಎತ್ತರದವನೇ ಬೇಕೆಂದು ಹಟ ಹಿಡಿದಾಗ ಉಮ್ಮ ಬಾಗಿಲಲ್ಲಿ ನಿಂತು ಮಗನನ್ನು ಒಮ್ಮೆ ನೋಡಿದರು, ಅಷ್ಟೇ. ಇಲ್ಯಾಸ್ ಬೊಂಡವನ್ನು ತೆಗೆದುಕೊಂಡ. ಮೂರನೆಯ ಮನೆಯವನು ದಿನಾ ಬಂದರೆ ಅವನು ಎಂತ ನೆಂಟ ಎಂದು ಅವನು ಒಮ್ಮೆ ಗೊಣಗಿದ್ದುಂಟು. ನನಗೆ ಕೇಳಿಸಿತ್ತು. ಕೇಳಿಸದವನ ಹಾಗೆ ನೆಂಟನಾಗಿಯೇ ಉಳಿದೆ.

ದೋಟಿಯ ಗುಣ ದೋಷಗಳ ಬಗ್ಗೆ ನಾನು ಅಧಿಕಾರದಿಂದ ಬರೆಯಬಲ್ಲೆ. ಗುಣ: ಎರಡಾಳು ದೂರದಿಂದ ಪೆಟ್ಟು ಕೊಡಬಹುದು, ಎದುರಿನವನ ಕೈ ನಿಮಗೆ ತಲುಪುವುದೇ ಇಲ್ಲ. ಕೆಳಗಿನ ಹಲಗೆಯಲ್ಲಿ ನಿಂತು ಮೇಲಿನವನ ಕಾಲಿಗೆ ಚುಚ್ಚಬಹುದು. ಕೋಲಿನ ನಡುಭಾಗ ತಾಗಿದರೆ ಬರಿಯ ನೂಕುವ ಬಲ, ತುದಿ ತಾಗಿದರೆ ಬೀಸಿ ಒಗೆಯುವ ಬಲ. ಆದ್ದರಿಂದ ದೂರ ಇದ್ದಷ್ಟೂ ಒಳ್ಳೆಯದು. ಹಾರಿ ಬಿದ್ದರೂ ಕೊಕ್ಕೆ ಬೀಸಿ ಹಲಗೆಯ ಅಂಚಿಗೆ ಸಿಕ್ಕಿಸಿ ಮೇಲೆ ಬರಬಹುದು.

ದೋಷ: ಒಮ್ಮೆ ಬೀಸಿದ ಕೋಲನ್ನು ಹಿಂದಕ್ಕೆ ಎಳೆದುಕೊಳ್ಳಲು ಹೊತ್ತು ಬೇಕು. ಅಷ್ಟರಲ್ಲಿ ಯಾರಾದರೂ ಒಳಗೆ ನುಗ್ಗಿದರೆ ಮುಗಿಯಿತು. ಮೈಗೆ ಅಂಟಿ ನಿಂತವನಿಗೆ ಕೋಲು ತಾಗುವುದಿಲ್ಲ, ಅವನ ಬೆನ್ನಿನ ಆಚೆ ಗಾಳಿಗೆ ಬೀಸುತ್ತದೆ. ಎತ್ತರದ ಮೈಯಾದ್ದರಿಂದ ಎಲ್ಲಿ ಹೊಡೆದರೂ ಪೆಟ್ಟು ಬೀಳುತ್ತದೆ. ಇನ್ನೊಂದು ದೋಷ ನಮಗೆ ಗೊತ್ತಾಗಲು ತಿಂಗಳುಗಳೇ ಹಿಡಿದವು. ದೂರಕ್ಕೆ ಹಾರಿದರೆ ಕೊಕ್ಕೆ ಕೆಲಸ ಮಾಡುತ್ತದೆ. ಅಂಚಿನ ಪಕ್ಕದಲ್ಲೇ ನೇರ ಕೆಳಗೆ ಬಿದ್ದರೆ ಮಾಡುವುದಿಲ್ಲ. ಹಲಗೆ ತಲೆಯ ಮೇಲೆಯೇ ಇರುತ್ತದೆ, ದೋಟಿ ಕೊಕ್ಕೆಯನ್ನು ಎತ್ತೆತ್ತಲೋ ಬೀಸುತ್ತಾ ಇಳಿದು ಹೋಗುತ್ತಾನೆ.

ಮೊದಲ ಆರು ತಿಂಗಳು ನಾನೇ ಗೆದ್ದೆ. ಅಪ್ಪನ ಅಂಗಡಿಯ ಅಳತೆ ಪುಸ್ತಕವೊಂದರ ಹಿಂದಿನ ಹಾಳೆಗಳಲ್ಲಿ ಎಲ್ಲ ಆಟಗಳ ಫಲಿತಾಂಶ ತಾರೀಕಿನೊಂದಿಗೆ ಬರೆದಿಟ್ಟಿದ್ದೇನೆ. ವರದಿಗಾರನಾಗುವ ರೋಗ ಆಗಲೇ ಶುರುವಾಗಿತ್ತು. ಆಮೇಲೆ ಫಲಿತಾಂಶ ತಿರುಗಿತು. ಬೊಂಡವನ್ನೇ ಆಡಿ ಆಡಿ ಇಲ್ಯಾಸ್ ಒಳಗೆ ನುಗ್ಗುವುದನ್ನು ಕಲಿತಿದ್ದ. ನಾನು ಬೀಸುವವರೆಗೆ ಕಾಯುತ್ತಿದ್ದ, ಕೋಲು ತಲೆಯ ಮೇಲೆ ಹಾದುಹೋದ ಕೂಡಲೇ ನನ್ನ ಎದೆಗೆ ಬಂದು ನಿಲ್ಲುತ್ತಿದ್ದ. ಬೀಳಿಸುವಾಗಲೂ ದೂರಕ್ಕೆ ಒಗೆಯುತ್ತಿರಲಿಲ್ಲ. ಮೆಲ್ಲ ತಳ್ಳಿ ಅಂಚಿನ ಕೆಳಗೆ ಬೀಳಿಸುತ್ತಿದ್ದ. “ಬಾ, ಹತ್ತಿರ ಬಾ, ನೆಂಟಾ” ಎಂದು ಅಣಕಿಸುವುದು ಬೇರೆ.

ಆ ವರ್ಷ ನಾವಿಬ್ಬರೂ ಎಸ್ಸೆಸ್ಸೆಲ್ಸಿ ಪಾಸಾಗಿದ್ದೆವು. ನಾನು ಪಿಯುಸಿಗೆ ಹೋಗುವುದು ಎಂದಾಗಿತ್ತು. ಇಲ್ಯಾಸನಿಗೆ ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡುವ ಆಸೆ. ಫಾರಂ ತಂದು ತುಂಬಿಸಿ ಶೋಕೇಸಿನ ಮೇಲೆ ಇಟ್ಟಿದ್ದ. ಹಸನಾಕ ಫೀಸು ಕಳುಹಿಸುವುದು ಎಂದು ಮಾತಾಗಿತ್ತು.

ಆ ಭಾನುವಾರ ಉಮ್ಮನ ಕಡೆಯ ನೆಂಟರು ಮಧ್ಯಾಹ್ನದ ಮೇಲೆ ಬರುವವರಿದ್ದರು. ಬೆಳಿಗ್ಗೆಯಿಂದ ಕರಿ ಪೆಟ್ಟಿಗೆ ಅಡುಗೆಮನೆಯಲ್ಲೇ ಇತ್ತು, ಮಿಕ್ಸಿ ನಿಲ್ಲದೆ ತಿರುಗುತ್ತಿತ್ತು. ಇಲ್ಯಾಸ್ ಮೊಸರು ತರಲು ಅಂಗಡಿಗೆ ಹೋದ. ನಾನು ಫ್ಯಾನಿನ ಕೆಳಗೆ ಒಬ್ಬನೇ ಕೂತಿದ್ದೆ. ಅಂಚಿನ ಕೆಳಗಿನಿಂದ ಮೇಲೆ ಬರುವ ಒಂದು ಉಪಾಯ ಹಿಂದಿನ ರಾತ್ರಿಯೆಲ್ಲ ತಲೆಯಲ್ಲಿ ಓಡಿತ್ತು: ಮೊದಲು ಹಲಗೆಯಿಂದ ದೂರ ಜಿಗಿಯುವುದು, ಆಮೇಲೆ ಕೊಕ್ಕೆ ಬೀಸುವುದು. ಅವನು ಬರುವ ಮೊದಲು ಒಮ್ಮೆ ನೋಡಿಬಿಡಬೇಕು ಎನಿಸಿತು. ಎರಡೇ ನಿಮಿಷ. ಎರಡು ನಿಮಿಷಕ್ಕೆ ಎಂತ ಆಗುತ್ತದೆ?

ಗೇಮಿನ ಪ್ಲಗ್ಗಿಗೆ ಚಪ್ಪಟೆ ಕಡ್ಡಿ, ನಮ್ಮ ಗೋಡೆಯ ತೂತು ಉರುಟು. ಹಾಗೆ ಉರುಟು ಮಾಡುವ ಒಂದು ಬಿಳಿ ಪಿನ್ನು ಶೋಕೇಸಿನ ಡ್ರಾಯರಿನಲ್ಲಿ ಇರುವುದು ನನಗೆ ಗೊತ್ತಿತ್ತು. ತೆಗೆದೆ, ಗೋಡೆಗೆ ಸಿಕ್ಕಿಸಿದೆ, ಅದಕ್ಕೆ ಪ್ಲಗ್ಗು ಹಾಕಿ ಸ್ವಿಚ್ಚು ಒತ್ತಿದೆ. ಪಟ್ ಎಂದು ಒಂದು ಸಣ್ಣ ಶಬ್ದ. ಬಳಿಕ ಒಂದು ಎಳೆ ಹೊಗೆ, ಸುಟ್ಟ ವಾರ್ನಿಷಿನ ವಾಸನೆ. ಒಳಗೆ ಈರುಳ್ಳಿ ಹುರಿಯುತ್ತಿದ್ದರು, ವಾಸನೆ ಅದರಲ್ಲಿ ಸೇರಿಹೋಯಿತು. ಪ್ಲಗ್ಗು ಕಿತ್ತು ನೆಲಕ್ಕೆ ಬಿಟ್ಟು ಬಂದು ಕುರ್ಚಿಯಲ್ಲಿ ಕೂತೆ.

ಇಲ್ಯಾಸ್ ಬಂದ. ಕರಿ ಪೆಟ್ಟಿಗೆ ಆಗಷ್ಟೇ ಖಾಲಿಯಾಗಿತ್ತು, ಹೊತ್ತು ತಂದ. ಗೋಡೆಯ ಹತ್ತಿರ ಸ್ವಲ್ಪ ಹೊತ್ತು ನನಗೆ ಬೆನ್ನು ಹಾಕಿ ನಿಂತ. ಮತ್ತೆ ಎಲ್ಲ ಜೋಡಿಸಿ ಸ್ವಿಚ್ಚು ಹಾಕಿದ. ಗೇಮಿನ ದೀಪ ಹತ್ತಲಿಲ್ಲ. ಉಮ್ಮ ಬಂದು ಏನಾಯಿತು ಎಂದು ಕೇಳಿದರು. ಅವನು ನನ್ನ ಕಡೆ ನೋಡಿದ. ನಾನು ಟಿವಿಯ ಕಡೆ ನೋಡಿದೆ. “ಹೋಯ್ತು” ಎಂದಷ್ಟೇ ಅವನು ಹೇಳಿದ. ನಾನು ಅಮ್ಮ ಕರೆಯುತ್ತಾರೆ ಎಂದು ಹೇಳಿ ಎದ್ದು ಬಂದೆ. ಯಾರೂ ಕರೆದಿರಲಿಲ್ಲ.

ಫೋನು ಬಂದ ಮೇಲೂ ಹಸನಾಕ ಕ್ಯಾಸೆಟ್ ಬಿಟ್ಟಿರಲಿಲ್ಲ. ತನ್ನ ಸ್ವರ ತುಂಬಿಸಿ, ಊರಿಗೆ ಬರುವವರ ಕೈಯಲ್ಲಿ ಕಳುಹಿಸುತ್ತಿದ್ದರು. ಆ ಮನೆಯಲ್ಲಿ ಕ್ಯಾಸೆಟ್ ಬಂದರೆ ಎಲ್ಲರೂ ಕೂತು ಕೇಳುವುದು, ಪಕ್ಕದವರಿಗೂ ಸಲಾಂ ಇರುತ್ತದೆ. ಗೇಮು ಹೋದ ಸುದ್ದಿ ಫೋನಿನಲ್ಲಿ ಅವರಿಗೆ ತಲುಪಿತ್ತು. ಮೂರು ವಾರ ಕಳೆದು ಕ್ಯಾಸೆಟ್ ಬಂತೆಂದು ಉಮ್ಮ ನನ್ನನ್ನು ಕರೆಸಿದರು. ಹೋಗದೆ ಉಪಾಯವಿರಲಿಲ್ಲ. ಅದೇ ಕುರ್ಚಿ, ಅದೇ ಫ್ಯಾನು. ಕ್ಯಾಸೆಟಿನಲ್ಲಿ ಹಸನಾಕ ತಾಯಿಯ ಮಂಡಿನೋವು ವಿಚಾರಿಸಿದರು, ಬಾವಿಯ ನೀರು ವಿಚಾರಿಸಿದರು. ಆಮೇಲೆ ಇಲ್ಯಾಸನ ಸರದಿ. ಸಿಟ್ಟಿನ ಸ್ವರವಲ್ಲ, ಅದೇ ಕಷ್ಟ. “ಪ್ಲಗ್ಗು ಎಲ್ಲಿ ಹಾಕಬೇಕು ಅಂತ ಗೊತ್ತಿಲ್ಲದವನಿಗೆ ಕರೆಂಟಿನ ಓದು ಬೇಡ. ಈ ವರ್ಷ ಮಾವನ ಅಂಗಡಿಯಲ್ಲಿ ಕೂತುಕೊಳ್ಳಲಿ. ಜಗ್ಗನನ್ನು ನೋಡಿ ಕಲಿ. ಇನ್ನೊಬ್ಬರ ಮನೆಗೆ ಬಂದರೆ ಒಂದು ವಸ್ತು ಮುಟ್ಟುವವನಲ್ಲ.”

ಜಗ್ಗ ಎಂದರೆ ನಾನು. ನನಗೆ ಸಲಾಮೂ ಇತ್ತು.

ಇಲ್ಯಾಸ್ ಟೇಪ್ ರೆಕಾರ್ಡರಿನ ಗುಂಡಿಯ ಮೇಲೆ ಬೆರಳಿಟ್ಟು ಕೂತಿದ್ದ. ನಿಲ್ಲಿಸಲಿಲ್ಲ. ಉಮ್ಮ ನನಗೆ ಚಹಾ ತಂದುಕೊಟ್ಟರು. ಆ ದಿನ ಅಡುಗೆಮನೆಯಲ್ಲಿ ಮಿಕ್ಸಿ ಇಲ್ಲದ್ದನ್ನು ನೋಡಿದೆ. ಅಟ್ಟಕ್ಕೆ ಹಾಕಿದೆ, ಕಲ್ಲಿನಲ್ಲಿ ಕಡೆದ ಮಸಾಲೆಯೇ ರುಚಿ ಎಂದರು. ಹೌದು, ರುಚಿ ಎಂದೆ.

ಅದು ಆ ಮನೆಗೆ ನನ್ನ ಕೊನೆಯ ಭೇಟಿ. ಬಸ್‌ಸ್ಟ್ಯಾಂಡಿಗೆ ಅವರ ಮನೆಯ ಎದುರಿನ ದಾರಿ ಹತ್ತಿರ. ನಾನು ಸುತ್ತಿನ ದಾರಿ ಹಿಡಿದೆ. ಕಾಲೇಜು, ಆಮೇಲೆ ಡಿಗ್ರಿ, ಆಮೇಲೆ ಬೆಳ್ತಂಗಡಿಯ ಬಾಡಿಗೆ ರೂಮು. ದೂರ ಇದ್ದಷ್ಟೂ ಒಳ್ಳೆಯದು ಎಂಬುದನ್ನು ಬಹಳ ಚೆನ್ನಾಗಿ ಆಡಿದೆ. ಅವರು ಬಂಟ್ವಾಳ ಬಿಟ್ಟರು, ಇಲ್ಯಾಸ್ ಮಾವನ ಅಂಗಡಿಯಿಂದ ಹೊರಬಂದು ಮೋಟಾರು ವೈಂಡಿಂಗ್ ಕಲಿತ, ಮೂಡುಬಿದಿರೆಯಲ್ಲಿ ಸ್ವಂತ ಅಂಗಡಿ ಇಟ್ಟ ಎಂಬ ಸುದ್ದಿಗಳೆಲ್ಲ ಅಪ್ಪನ ಮೂಲಕ ಬಂದವು. ಒಂದನ್ನೂ ನಾನು ಹೋಗಿ ಖಚಿತಪಡಿಸಿಕೊಳ್ಳಲಿಲ್ಲ.

ಜೀಗುಜ್ಜೆ ಕೊಯ್ದ ಮರುದಿನ ಗುರುವಾಯನಕೆರೆಯಲ್ಲಿ ಮೂಡುಬಿದಿರೆಯ ಬಸ್ಸು ಹತ್ತಿದೆ. ವೇಣೂರು ದಾಟುವವರೆಗೂ ಮಾತುಗಳನ್ನು ಜೋಡಿಸುತ್ತಿದ್ದೆ. ಅಂಗಡಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿತ್ತು. ಹಾಸ್ಟೆಲಿನ ಇಬ್ಬರು ವಿದ್ಯಾರ್ಥಿಗಳು ನೀರು ಕಾಯಿಸುವ ಕಾಯಿಲ್ ಹಿಡಿದು ಬಯಲುಸೀಮೆಯ ವೇಗದಲ್ಲಿ ಏನೋ ಹೇಳುತ್ತಿದ್ದರು. ಇಲ್ಯಾಸ್ ಶಾಲೆಯ ಪಾಠದ ಕನ್ನಡದಲ್ಲಿ, “ಇದು ದುರಸ್ತಿ ಆಗುವುದಿಲ್ಲ, ನೀವು ಹೊಸದು ತೆಗೆದುಕೊಳ್ಳಿ” ಎಂದು ಸಾವಕಾಶ ಉತ್ತರಿಸುತ್ತಿದ್ದ. ಗಡ್ಡ ಬಂದಿತ್ತು. ನನ್ನನ್ನು ಕಂಡು ಸ್ಟೂಲು ತೋರಿಸಿದ. ಅವರು ಹೋದ ಕೂಡಲೇ ತಾಮ್ರದ ತಂತಿ ಸುತ್ತಲು ತೊಡಗಿದ.

ತಡ ಮಾಡಿದರೆ ಹೇಳಲಾರೆ ಎಂದು ಗೊತ್ತಿತ್ತು. “ಅವತ್ತು ಗೇಮು ಸುಟ್ಟದ್ದು ನಾನು” ಎಂದೆ.

ಅವನು ಒಂದು ಕೈ ಎತ್ತಿ ತಡೆ ಎಂದ. ತುಟಿ ಅಲ್ಲಾಡುತ್ತಿತ್ತು, ಸುತ್ತು ಎಣಿಸುತ್ತಿದ್ದ. ಎಣಿಕೆ ತಪ್ಪಿದರೆ ಪೂರಾ ಬಿಚ್ಚಿ ಮೊದಲಿನಿಂದ ಸುತ್ತಬೇಕಂತೆ. ಎಂಟು ವರ್ಷ ಹೊತ್ತು ತಂದ ಮಾತು ಅವನ ಎಣಿಕೆ ಮುಗಿಯುವವರೆಗೆ ಅಂಗಡಿಯ ಗಾಳಿಯಲ್ಲಿ ನಿಂತಿತ್ತು. ಕೊನೆಗೆ ತಂತಿ ಕತ್ತರಿಸಿ, ಸೀಮೆಸುಣ್ಣದಲ್ಲಿ ಏನೋ ಗುರುತು ಹಾಕಿ, “ಎಂತ ಹೇಳಿದ್ದು? ಇನ್ನೊಮ್ಮೆ ಹೇಳು” ಎಂದ.

ಇನ್ನೊಮ್ಮೆ ಹೇಳಿದೆ.

“ಗೊತ್ತುಂಟು.”

ಡ್ರಾಯರು ಎಳೆದು ಒಂದು ಪಿನ್ನು ತೆಗೆದು ಮೇಜಿನ ಮೇಲೆ ಇಟ್ಟ. ಬಿಳಿಯದು, ಈಗ ಹಳದಿಗೆ ತಿರುಗಿತ್ತು. “ನೀನು ಗೋಡೆಯಲ್ಲೇ ಬಿಟ್ಟು ಕೂತಿದ್ದಿ ಮಾರಾಯ. ಕಣ್ಣಿನ ಎತ್ತರಕ್ಕೆ. ಉಮ್ಮ ಬರುವ ಮೊದಲು ನಾನು ಕಿತ್ತು ಕಿಸೆಗೆ ಹಾಕಿದೆ.”

ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಮನೆಗೆ ಬಂದವನ ಮೇಲೆ ಹೇಗೆ ಹೇಳುವುದು ಎಂದ. ಅವನು ಅದನ್ನು ದೊಡ್ಡ ವಿಷಯವಾಗಿ ಹೇಳಲಿಲ್ಲ. ಮೀನಿನ ನಡು ತುಂಡಿನ ಹಾಗೆ ಹೇಳಿದ. ಆಮೇಲೆ ಪಿನ್ನನ್ನು ಬೆರಳಲ್ಲಿ ತಿರುಗಿಸುತ್ತಾ, “ಸುಟ್ಟದ್ದಕ್ಕೆ ನನಗೆ ಬೇಜಾರಿಲ್ಲ ಜಗ್ಗ. ಓದು ಹೋದದ್ದಕ್ಕೆ ಇತ್ತು, ಈಗ ಇಲ್ಲ. ನೀನೇ ಹೇಳ್ತಿ ಅಂತ ಕಾದೆ. ಆ ದಿನ ಅಲ್ಲದಿದ್ದರೆ ಮರುದಿನ. ನೀನು ಸುತ್ತಿನ ದಾರಿಯಲ್ಲಿ ಹೋಗುವುದು ಮನೆಯ ಮಾಡು ಹತ್ತಿದರೆ ಕಾಣ್ತಿತ್ತು” ಎಂದ.

ಚಹಾ ಬಂತು. ಗೇಮಿನ ಪೆಟ್ಟಿಗೆಯಲ್ಲಿ ಹೋದದ್ದು ಕರೆಂಟಿನ ಕಾಯಿಲ್ ಮಾತ್ರ ಎಂದು ಅವನು ಹೇಳಿದ. ಕೆಲಸ ಕಲಿತ ಎರಡನೆಯ ವರ್ಷ ತಾನೇ ಸುತ್ತಿ ಸರಿಮಾಡಿದ್ದಾನೆ. ಹಾಸ್ಟೆಲಿನ ಹುಡುಗರು ಆದಿತ್ಯವಾರ ಮನೆಗೆ ಬಂದು ಆಡುತ್ತಾರೆ. ಇವನು ದೋಟಿಯನ್ನು ಆಡುತ್ತಾನೆ. “ನಿನಗೆ ಅವನನ್ನು ಆಡಲಿಕ್ಕೆ ಬರ್ತಿರಲಿಲ್ಲ. ದೂರ ನಿಲ್ಲುವುದು ಯಾರಿಗೂ ಬರ್ತದೆ. ಹತ್ತಿರ ಬಂದವನಿಗೆ ಕೋಲು ಬೀಸಬಾರದು, ಅವನ ಮೇಲಿಂದ ಹಾರಿ ಆಚೆ ಬದಿಗೆ ಇಳಿಯಬೇಕು.” ಹೊರಡುವಾಗ ಒಂದು ಮಾತು ಹೇಳಿದ: ಉಮ್ಮನಿಗೆ ತಾನು ಈವರೆಗೆ ಹೇಳಿಲ್ಲ, ಇನ್ನೂ ಹೇಳುವುದಿಲ್ಲ. ಹೇಳುವುದಾದರೆ ನೀನೇ ಬಂದು ಹೇಳು.

ಆ ವಾರದ ಭಾನುವಾರವೇ ಅವರ ಮನೆಗೆ ಹೋದೆ. ಬಾಡಿಗೆಯ ಸಣ್ಣ ಮನೆ. ಉಮ್ಮ ಹಿಂದಿನ ಜಗಲಿಯಲ್ಲಿ ಕಡೆಯುವ ಕಲ್ಲಿನ ಮುಂದೆ ಕೂತಿದ್ದರು; ಆ ಕಲ್ಲನ್ನು ಬಂಟ್ವಾಳದಿಂದ ಟೆಂಪೋದಲ್ಲಿ ತಂದದ್ದಂತೆ. ಕೈ ಮಣಿಕಟ್ಟಿನವರೆಗೆ ಅರಸಿನ. ನನ್ನನ್ನು ಗುರುತಿಸಿ ಏಳಲು ಹೋದರು, ಮಂಡಿ ಬಿಡಲಿಲ್ಲ. ನಾನು ಅವರ ಎದುರು ನೆಲದಲ್ಲಿ ಕೂತು ಹೇಳಿದೆ. ಈ ಸಲ ಯಾರೂ ಏನೂ ಎಣಿಸುತ್ತಿರಲಿಲ್ಲ.

ಉಮ್ಮನ ಕೈಯಲ್ಲಿ ಕಲ್ಲಿನ ಗುಂಡು ನಿಂತಿತು.

“ನಾನು ಸುಟ್ಟದ್ದು ಅಂತ ಇದ್ದೆನಲ್ಲ ಮೋನೇ” ಎಂದರು.

ನಮಗಿಬ್ಬರಿಗೂ ಅರ್ಥವಾಗಲಿಲ್ಲ. ಅವರೇ ಒಂದೊಂದಾಗಿ ಹೇಳಿದರು. ಆ ದಿನ ನೆಂಟರಿಗೆಂದು ಬೆಳಿಗ್ಗೆಯಿಂದ ಮಿಕ್ಸಿ ತಿರುಗಿಸಿದ್ದರು. ಕರಿ ಪೆಟ್ಟಿಗೆ ಕೈ ಇಡಲಾರದಷ್ಟು ಬಿಸಿಯಾಗಿತ್ತು. ಅದನ್ನೇ ಮಗ ತೆಗೆದುಕೊಂಡು ಹೋಗಿ ಗೇಮಿಗೆ ಹಾಕಿದ, ಗೇಮು ಹೋಯಿತು. ತನ್ನ ಮಸಾಲೆಯಿಂದಲೇ ಹೋಯಿತು ಎಂದು ಅವರು ಖಚಿತ ಮಾಡಿಕೊಂಡರು. ಕ್ಯಾಸೆಟಿಗೆ ಉತ್ತರ ತುಂಬಿಸುವಾಗ, ಇಲ್ಯಾಸ್ ಮನೆಯಲ್ಲಿಲ್ಲದ ಹೊತ್ತು ನೋಡಿ, ತಪ್ಪು ನನ್ನದು, ಅವನ ಓದು ನಿಲ್ಲಿಸಬೇಡ ಎಂದು ಹಸನಾಕನಿಗೆ ಹೇಳಿದರು. ಹಸನಾಕ ನಂಬಲಿಲ್ಲ. ಸಣ್ಣವನನ್ನು ಕಾಪಾಡಲಿಕ್ಕೆ ಹಾಗೆ ಹೇಳುತ್ತೀರಿ ಎಂದರಂತೆ. ಮಿಕ್ಸಿ ಗೇಮು ಹೋದ ಮರುದಿನವೇ ಅಟ್ಟಕ್ಕೆ ಹೋಗಿತ್ತು. ಅಂದಿನಿಂದ ಉಮ್ಮ ಕಲ್ಲಿನಲ್ಲೇ ಕಡೆಯುತ್ತಾ ಬಂದಿದ್ದರು.

ಇಲ್ಯಾಸ್ ಬಾಗಿಲಿಗೆ ಒರಗಿ ನಿಂತಿದ್ದ. “ರುಚಿಗೆ ಅಂತ ಹೇಳಿದ್ದಲ್ವಾ ಉಮ್ಮ” ಎಂದ. ಪಿನ್ನು ಕಿಸೆಗೆ ಹಾಕಿದಾಗ ಅವನು ನನ್ನನ್ನು ಉಳಿಸಿದ್ದ, ಉಮ್ಮನನ್ನು ಆ ತಪ್ಪಿನೊಳಗೆ ಬಿಟ್ಟಿದ್ದ ಎಂಬುದು ಅವನಿಗೂ ಈಗಲೇ ಗೊತ್ತಾದದ್ದು.

ನಾನು ಏನು ಹೇಳಿದೆನೋ ನೆನಪಿಲ್ಲ. ಉಮ್ಮ ಹೇಳಿದ್ದು ನೆನಪಿದೆ. ಅರಸಿನದ ಕೈಯನ್ನು ಕಲ್ಲಿನ ಅಂಚಿಗೆ ಒರೆಸಿ, ಮೆಲ್ಲ ಬದಿಗೆ ಸರಿದು ಜಾಗ ಮಾಡಿದರು.

“ಬಾ. ಇವತ್ತಿನದ್ದು ನೀನು ಕಡೆ. ಇವತ್ತು ನೀನು ನೆಂಟ ಅಲ್ಲ.”

ಕಡೆದೆ. ಗುಂಡು ನಾನು ಅಂದುಕೊಂಡದ್ದಕ್ಕಿಂತ ಭಾರ. ನೀರು ಹೆಚ್ಚಾಯಿತು, ತೆಂಗಿನಕಾಯಿ ನುಣ್ಣಗಾಗಲಿಲ್ಲ, ಮೆಣಸಿನ ಖಾರಕ್ಕೆ ಕೈ ಉರಿಯಿತು. ಮೈಯನ್ನು ಕಲ್ಲಿಗೆ ತಾಗಿಸಿ ಕೂರಬೇಕು, ದೂರ ಕೂತು ಕಡೆಯಲು ಆಗುವುದಿಲ್ಲ ಎಂದು ಉಮ್ಮ ಎರಡು ಸಲ ತಿದ್ದಿದರು. ಊಟಕ್ಕೆ ಕೂತಾಗ ಮಸಾಲೆ ಹಲ್ಲಿಗೆ ಸಿಗುತ್ತಿತ್ತು. ಮೂವರೂ ಉಂಡೆವು. ಬಾಲದ ತುಂಡು ನನಗೆ ಬಂತು.

ಸಂಜೆ ಇಲ್ಯಾಸನ ಮೊಬೈಲಿನಿಂದ ಹಸನಾಕನಿಗೆ ನಾನೇ ಹೇಳಿದೆ. ಪೂರಾ ಕೇಳಿ, ಇಲ್ಯಾಸನಿಗೆ ಕೊಡು ಎಂದರು. ಅವನು ಫೋನು ಹಿಡಿದು ಹೊರಗೆ ಹೋದ. ಏನು ಮಾತಾಯಿತು ಎಂದು ನಾನು ಕೇಳಲಿಲ್ಲ, ಅವನು ಹೇಳಲೂ ಇಲ್ಲ.

ಮಿಕ್ಸಿಯನ್ನು ಅಟ್ಟದಿಂದ ಇಳಿಸಲಾಗಿದೆ. ಅದರ ಮೋಟಾರನ್ನು ಇಲ್ಯಾಸ್ ನಮ್ಮ ಊರಿನ ಕರೆಂಟಿಗೆ ಹೊಸದಾಗಿ ಸುತ್ತಿದ್ದಾನೆ. ಕರಿ ಪೆಟ್ಟಿಗೆ ಈಗ ಗೇಮಿಗೆ ಮಾತ್ರ.

ಕಳೆದ ಭಾನುವಾರ ಮತ್ತೆ ಹೋಗಿದ್ದೆ. ಯಾರು ಮೊದಲು ಆರಿಸಬೇಕು ಎಂದು ಉಮ್ಮ ಏನೂ ಹೇಳಲಿಲ್ಲ. ಇಲ್ಯಾಸ್ ಮೊದಲು ಆರಿಸಿದ, ದೋಟಿಯನ್ನು ತೆಗೆದುಕೊಂಡ. ನನಗೆ ಬೊಂಡ ಉಳಿಯಿತು. ಐದು ಆಟ ಆಡಿದೆವು, ಐದರಲ್ಲೂ ನಾನು ಸೋತೆ. ಅಷ್ಟರಲ್ಲಿ ಅಡುಗೆಮನೆಯಲ್ಲಿ ಮೂರು ಸಲ ಮಿಕ್ಸಿ ತಿರುಗಿತು. ಆಟ ನಿಲ್ಲಲಿಲ್ಲ.